ಕಣದ ಮೇಲೆ ಹಾಸಿದ ಮ್ಯಾಟು

ಆ ಭಾನುವಾರ ನಾವು ಮ್ಯಾಟನ್ನು ಎಲ್ಲಿ ಹಾಸಿದೆವು ಎಂಬುದು ನನಗೆ ಖಚಿತವಾಗಿ ನೆನಪಿಲ್ಲ. ಇರಬೇಕಿತ್ತು. ಹಾಸಿದವರಲ್ಲಿ ನಾನೂ ಒಬ್ಬ. ಅರ್ಧ ದಿನ ಅದರ ತುದಿಯಲ್ಲಿ, ಸ್ಟಂಪಿನ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದವನೂ ನಾನೇ. ವಿಕೆಟ್ ಕೀಪರನಿಗಿಂತ ಒಳ್ಳೆಯ ಸಾಕ್ಷಿ ಕ್ರಿಕೆಟ್ಟಿನಲ್ಲಿ ಇಲ್ಲ ಅನ್ನುತ್ತಾರೆ. ಆದರೆ ಆ ದಿನವನ್ನು ನೆನೆದರೆ ನನಗೆ ಎರಡು ಚಿತ್ರಗಳು ಬರುತ್ತವೆ. ಒಂದರಲ್ಲಿ ಮ್ಯಾಟಿನ ಪಕ್ಕಕ್ಕೆ ಒಂದು ಮರದ ಕಂಬ ನಿಂತಿದೆ, ಅದಕ್ಕೆ ಸೇವಂತಿಗೆ ಸರ ಸುತ್ತಿದೆ. ಇನ್ನೊಂದರಲ್ಲಿ ಅದೇ ಕಂಬವನ್ನು ಕಿತ್ತು ಬೇಲಿಯ ಹತ್ತಿರ ಮಲಗಿಸಿದೆ, ನಾವು ಅದರ ಗುಂಡಿಗೆ ಮಣ್ಣು ತುಂಬಿ, ಹಿಮ್ಮಡಿಯಿಂದ ತುಳಿದು, ಮೇಲೆ ಮ್ಯಾಟು ಎಳೆಯುತ್ತಿದ್ದೇವೆ. ಎರಡೂ ಅಷ್ಟೇ ಸ್ಪಷ್ಟ. ಎರಡೂ ನಿಜವಾಗಿರಲು ಸಾಧ್ಯವಿಲ್ಲ.

ಯಾವುದಾದರೇನು ಎಂದು ಬಿಟ್ಟುಬಿಡಬಹುದಿತ್ತು. ಬಿಡಲಾಗದ ಕಾರಣ ನನ್ನ ಗೆಳೆಯ. ಅವನು ಆ ದಿನ ಎಸೆದ ಚೆಂಡು ಅವನ ಬೆರಳಿನದೋ, ನೆಲದೊಳಗಿನ ಗುಂಡಿಯದೋ ಎಂಬುದು ಈ ಪ್ರಶ್ನೆಯ ಮೇಲೆ ನಿಂತಿತ್ತು. ಅವನು ಆ ಸಂಜೆ ಹೇಳಿದ ಒಂದು ಮಾತು ಸತ್ಯವೋ ಸುಳ್ಳೋ ಎಂಬುದು ಕೂಡ.

ಮೈದಾನವನ್ನು ಈಗ ಸ್ಟೇಡಿಯಂ ಅನ್ನುತ್ತಾರೆ. ಅರವತ್ತರ ದಶಕದ ನಡುವೆ ಯಾವಾಗಲೋ ಕಾಂಪೌಂಡು ಬಂತು, ಪಡುವಲ ಕಡೆಗೆ ಸಿಮೆಂಟು ಮೆಟ್ಟಿಲುಗಳ ಗ್ಯಾಲರಿ ಬಂತು. ಅಲ್ಲಿ ಹೊಸದಾಗಿ ಆಡಲು ಬಂದವರು ಮೊದಲು ಕೇಳುವುದು ಒಂದೇ: ಪಿಚ್ಚು ಯಾಕೆ ನಡುವೆ ಇಲ್ಲ? ಮೂಡಲ ಗೋಡೆ ಎಷ್ಟು ಹತ್ತಿರವೆಂದರೆ ಬ್ಯಾಟಿನ ಅಂಚಿಗೆ ತಾಗಿದ ಚೆಂಡೂ ಆಚೆ ಬೀಳುತ್ತದೆ. ಪಡುವಲಿಗೆ ಹೊಡೆದರೆ ಓಡಿ ಓಡಿ ಸುಸ್ತಾಗುತ್ತದೆ. ಬಿಸಿಲು ಕಣ್ಣಿಗೆ ಹೊಡೆಯದಿರಲಿ ಎಂದು ಲೆಕ್ಕ ಹಾಕಿ ಮಾಡಿದ್ದು ಎನ್ನುವವರಿದ್ದಾರೆ. ನಕಾಶೆ ತಲೆಕೆಳಗಾಗಿ ಹಿಡಿದಿದ್ದರು ಎನ್ನುವವರೂ ಇದ್ದಾರೆ. ಇದಕ್ಕೆ ಮಾತ್ರ ನನ್ನ ಹತ್ತಿರ ಅನುಮಾನವಿಲ್ಲದ ಉತ್ತರವಿದೆ. ಪಿಚ್ಚು ಪಕ್ಕಕ್ಕೆ ಸರಿದದ್ದು ಒಂದು ಮರಕ್ಕೆ ದಾರಿ ಬಿಟ್ಟು. ಆ ಮರ ಮೊದಲು ಕಂಬವಾಗಿತ್ತು.

ಐವತ್ತರ ದಶಕದಲ್ಲಿ ಅದು ಮತ್ತಿಕೆರೆಗೂ ಯಶವಂತಪುರ ಸ್ಟೇಷನ್ನಿಗೂ ನಡುವಿನ ಗೋಮಾಳ. ಊರವರು ಸ್ಟೇಷನ್ನಿಗೆ ಹೋಗುವ ಕಾಲುದಾರಿ ಅದರ ಮೇಲೇ ಹಾದಿತ್ತು. ಬೆಳಿಗ್ಗೆ ದನ ಮೇಯುತ್ತಿದ್ದವು, ಸಂಜೆ ನಾವು ಆಡುತ್ತಿದ್ದೆವು. ನಡುವೆ ಟೆಂಟ್ ಸಿನಿಮಾ ಬಂದರೆ ತಿಂಗಳುಗಟ್ಟಲೆ ನಮಗೆ ಜಾಗವಿಲ್ಲ. ಟೆಂಟು ಕಿತ್ತ ಮೇಲೆ ಗೂಟದ ತೂತುಗಳಲ್ಲಿ ಕಾಲು ಉಳುಕಿಸಿಕೊಳ್ಳುವುದು ನಮ್ಮ ಪಾಲಿಗೆ. ಹೆಬ್ಬಾಳದ ಕಡೆಯಿಂದ ಪಶುವೈದ್ಯರು ಬಂದು ದನಗಳಿಗೆ ಸೂಜಿ ಚುಚ್ಚುತ್ತಿದ್ದದ್ದು ಅಲ್ಲೇ. ಕುಸ್ತಿ, ಶಾಲೆಯ ಡ್ರಿಲ್ಲು, ಮದುವೆ ಮನೆಯ ಅಡಿಗೆ ಒಲೆ, ಎಲೆಕ್ಷನ್ ಭಾಷಣ, ಎಲ್ಲ ಅಲ್ಲೇ. ಚೀನಾ ಯುದ್ಧದ ಕಾಲದಲ್ಲಿ ಕೆಲವರು ದೊಣ್ಣೆ ಹಿಡಿದು ಎಡ-ಬಲ ಎಡ-ಬಲ ಎಂದು ಓಡಾಡಿದ್ದೂ ಅಲ್ಲೇ. ಗ್ಯಾಲರಿ ಕಟ್ಟಿದ ಮೇಲೆ ಅದರ ಮೆಟ್ಟಿಲುಗಳ ಮೊದಲ ಗಿರಾಕಿಗಳು ಪ್ರೇಕ್ಷಕರಲ್ಲ, ಒಣಮೆಣಸಿನಕಾಯಿ. ಊರಿನ ಹೆಂಗಸರಿಗೆ ಅಷ್ಟು ಚೆನ್ನಾಗಿ ಬಿಸಿಲು ಕಾಯುವ ಜಾಗ ಅಲ್ಲಿಯವರೆಗೆ ಯಾರೂ ಕಟ್ಟಿಕೊಟ್ಟಿರಲಿಲ್ಲ. ಬ್ಯಾಟ್ಸ್‌ಮನ್ನರು ಘಾಟಿಗೆ ಸೀನುತ್ತಿದ್ದರು.

ಇವೆಲ್ಲಕ್ಕಿಂತ ಹಳೆಯ ಉಪಯೋಗ ಇನ್ನೊಂದು: ರಾಗಿ ಕೊಯ್ಲಾದ ಮೇಲೆ ಕಣ ಮಾಡುವುದು. ನೆಲಕ್ಕೆ ನೀರು ಹಾಕಿ, ರೋಣಗಲ್ಲು ಉರುಳಿಸಿ ಗಟ್ಟಿ ಮಾಡಿ, ಸಗಣಿ ಸಾರಿಸಿ, ನಡುವೆ ಮೇಟಿ ಎಂಬ ಕಂಬ ನೆಡುತ್ತಾರೆ. ಮೇಟಿ ಹಾಲು ಬರುವ ಮರದ್ದೇ ಆಗಬೇಕು, ಹಸಿಯಾಗಿರಬೇಕು. ಅದಕ್ಕೆ ಪೂಜೆಯಾಯಿತೆಂದರೆ ಒಕ್ಕಣೆ ಮುಗಿಯುವವರೆಗೆ ಅದನ್ನು ಅಲ್ಲಾಡಿಸಬಾರದು, ಕಣದೊಳಗೆ ಮೆಟ್ಟು ಹಾಕಿಕೊಂಡು ಕಾಲಿಡಬಾರದು. ರೈಲ್ವೆ ಗುಮಾಸ್ತನ ಮಗನಾದ ನನಗೆ ಇದು ಗೊತ್ತಾದದ್ದು ಗೆಳೆಯನಿಂದ.

ಅವನು ಊರಿನ ಹಳೆಯ ಒಕ್ಕಲು ಮನೆಯವನು. ಅಪ್ಪ ಇರಲಿಲ್ಲ, ತಾತ ಬೆಳೆಸಿದ್ದರು. ಹೊಲಕ್ಕೆ ಹೋಗು ಎಂದರೆ ಸ್ಟೇಷನ್ನಿನ ಗೋಡೆಗೆ ಚೆಂಡು ಎಸೆಯಲು ಹೋಗುತ್ತಿದ್ದ. ನಾನು ಆಗ ಪೇಟೆಯ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ, ಭೌತಶಾಸ್ತ್ರ. ಅವನ ಚೆಂಡು ಯಾಕೆ ಹಾಗೆ ತಿರುಗುತ್ತದೆ ಎಂದು ಕಾಗದದ ಮೇಲೆ ಗೀಟು ಎಳೆದು ತೋರಿಸುತ್ತಿದ್ದೆ. ಅವನು ಕೇಳಿ, "ಹೌದಾ?" ಅನ್ನುತ್ತಿದ್ದ, ಅಷ್ಟೇ. ತಿರುಗುವ ಚೆಂಡುಗಳ ನಡುವೆ ಒಂದು ಚೆಂಡು ತಿರುಗದೆ, ಏಳದೆ, ನೆಲಕ್ಕೆ ಅಂಟಿಕೊಂಡ ಹಾಗೆ ನುಗ್ಗಿ ಬರುತ್ತಿತ್ತು. ನನ್ನ ಮೊಣಕಾಲ ಕೆಳಗೆ ಎಷ್ಟೋ ಕಲೆಗಳು ಅದರವು. ಅದಕ್ಕೆ ಮಾತ್ರ ನನ್ನ ಗೀಟುಗಳಲ್ಲಿ ಉತ್ತರವಿರಲಿಲ್ಲ. ಬೇರೆ ಮೈದಾನಗಳಲ್ಲಿ ಅದು ಅಷ್ಟು ಸಲ ಬೀಳುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಇಲ್ಲದಿದ್ದರೆ ಲೆಕ್ಕ ಒಂದು ಕಡೆಗೆ ವಾಲುತ್ತದೆ.

ಆ ವರ್ಷ ನಮ್ಮ ತಂಡ, ಅರ್ಧ ಊರವರು ಅರ್ಧ ರೈಲ್ವೆ ಕ್ವಾರ್ಟರ್ಸಿನವರು, ಹೇಗೋ ಲೀಗಿನಲ್ಲಿ ಮೇಲೆ ಬಂದಿತ್ತು. ಮಳೆಯಿಂದ ಮುಂದಕ್ಕೆ ಹೋದ ಪಂದ್ಯ ರಾಗಿ ಒಕ್ಕುವ ಕಾಲಕ್ಕೆ ಬಂದು ಬಿತ್ತು. ಎದುರಾಳಿ ಕಂಟೋನ್ಮೆಂಟಿನ ತಂಡ. ರಾಜ್ಯದ ತಂಡಕ್ಕೆ ಹುಡುಗರನ್ನು ಆರಿಸುವ ಹಿರಿಯರೊಬ್ಬರು ನನ್ನ ಗೆಳೆಯನ ಬೌಲಿಂಗ್ ನೋಡಲೆಂದೇ ಬರುತ್ತಾರೆಂದು ಸುದ್ದಿಯಾಯಿತು. ಅಂಥ ಅವಕಾಶ ನಮ್ಮ ಕಡೆಯವರಿಗೆ ಇನ್ನೊಮ್ಮೆ ಸಿಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು.

ನಮ್ಮ ಹತ್ತಿರ ರೋಲರ್ ಇರಲಿಲ್ಲ. ಅವನು ತಾತನ ರೋಣಗಲ್ಲನ್ನೇ ತಂದು, ನಾವಿಬ್ಬರೂ ಎತ್ತುಗಳ ಹಾಗೆ ಎಳೆದು, ಪಿಚ್ಚಿಗೆ ನೀರು ಹಾಕಿ ಉರುಳಿಸಿದೆವು. ತನ್ನ ಬೆರಳಿಗೆ ಬೇಕಾದ ಹಾಗೆ ಎಲ್ಲಿ ಗಟ್ಟಿ, ಎಲ್ಲಿ ತುಸು ತೇವ ಎಂದು ಅವನೇ ನೋಡಿಕೊಂಡ. ಅದು ಮುಗಿಸಿ, ತೆಂಗಿನ ನಾರಿನ ಮ್ಯಾಟು ಎರವಲು ತರಲು ಇಬ್ಬರೂ ಪೇಟೆಯ ಕ್ಲಬ್ಬೊಂದಕ್ಕೆ ಹೋದೆವು. ಅದು ಶನಿವಾರ ಎಂದು ನನ್ನ ನೆನಪು. ಆದರೆ ಶನಿವಾರ ಯಾರೂ ಮೇಟಿ ನೆಡುವುದಿಲ್ಲ ಎಂದು ಆಮೇಲೆ ಒಬ್ಬರು ಹೇಳಿದರು. ಹಾಗಾದರೆ ನಾವು ಹೋದದ್ದು ಶುಕ್ರವಾರವೇ ಇರಬೇಕು, ಎರಡು ರಾತ್ರಿ ಪೇಟೆಯಲ್ಲಿ ಅವನ ಅಕ್ಕನ ಮನೆಯಲ್ಲಿ ಉಳಿದಿರಬೇಕು. ಹೀಗೆ ಒಂದು ದಾರ ಎಳೆದರೆ ಇಡೀ ಅಂಚೇ ಬಿಚ್ಚಿಕೊಳ್ಳುತ್ತದೆ.

ಭಾನುವಾರ ಬೆಳಿಗ್ಗೆ ಮ್ಯಾಟು ಹೊತ್ತು ಬಂದರೆ, ಪಿಚ್ಚಿರಲಿಲ್ಲ. ಅದರ ಜಾಗದಲ್ಲಿ ದುಂಡಗೆ, ಹಸುರಾಗಿ ಸಾರಿಸಿದ ಕಣ. ಸರಿಯಾಗಿ ಪಿಚ್ಚಿನ ನಡುವೆ ಬಸರಿ ಮರದ ಮೇಟಿ, ಅದಕ್ಕೆ ಅರಿಶಿನ, ಕುಂಕುಮ, ಸೇವಂತಿಗೆ. ತಾತ ಪಕ್ಕದಲ್ಲಿ ನಿಂತಿದ್ದರು. ನಮ್ಮನ್ನು ಕಂಡು ಅವರ ಮುಖ ಅರಳಿತು.

"ನೋಡಪ್ಪಾ ಕಾಲೇಜೋನೆ," ಎಂದು ನನ್ನನ್ನು ಕರೆದರು. "ನಮ್ ಐದ, ಈ ಮೊಮ್ಮಗ, ಒಲದ ಕಡೆ ತಲೆ ಆಕಿನೂ ಮಲಗಾಕಿಲ್ಲ ಅಂತ ಊರಿಗೆಲ್ಲಾ ಯೋಳ್ಕಂಡ್ ತಿರುಗ್ತಿದ್ದೆ. ಯಾರ್ಗೂ ಯೋಳ್ದೆ ಕೇಳ್ದೆ ಎಂಗೆ ಕಣ ಮಾಡಿ ಮಡಗವ್ನೆ ನೋಡು! ಕನ್ನಡಿ ಇದ್ದಂಗೈತೆ. ನಾನು ಸಗಣಿ ಬಳಿದಿದ್ದು ಒಂದೇಯ."

ಗೆಳೆಯ ಬಾಯಿ ತೆರೆದ. "ತಾತಾ, ಅದು…"

"ಅದೂ ಇಲ್ಲ ಇದೂ ಇಲ್ಲ. ನಿಮ್ಮಪ್ಪ ಇದ್ದಿದ್ರೆ ಇವತ್ತು ಮೀಸೆ ತಿರುವ್ತಿದ್ದ ಕಣ್ಲಾ."

ಗೆಳೆಯ ಹೆಗಲ ಮೇಲಿನ ಮ್ಯಾಟನ್ನು ಕಣದ ಆಚೆಗೆ ಇಳಿಸಿದ.

ತಾತ ಅತ್ತ ಹೋದ ಮೇಲೆ ನಮ್ಮ ಕ್ಯಾಪ್ಟನ್ ಬಂದ. ಗೂಡ್ಸ್ ಶೆಡ್ಡಿನಲ್ಲಿ ಕೆಲಸ, ಭುಜ ಎರಡೂ ಬಾಗಿಲಷ್ಟು ಅಗಲ. ಮೇಟಿ ನೋಡಿ ಸೊಂಟದ ಮೇಲೆ ಕೈಯಿಟ್ಟ.

"ಏನ್ ಗುರು ಇದು, ನಾಲ್ಕನೇ ಸ್ಟಂಪಾ? ಕಿತ್ತಾಕಿ, ಸಂಜೆ ನೆಟ್ಕೊಡೋಣ."

"ಮುಟ್ಬೇಡಿ ಅಣ್ಣ," ಎಂದ ಗೆಳೆಯ.

"ಮತ್ತೆ ಎಲ್ಲಿ ಆಡೋದು, ನಿನ್ ತಲೆ ಮೇಲಾ?"

"ಪಕ್ಕಕ್ಕೆ ಹಾಸೋಣ. ಕಾಲುದಾರಿ ಮೇಲೆ."

"ಅದು ಬಂಡೆ ಇದ್ದಂಗಿದೆ ಕಣೋ! ನಿನ್ ಚೆಂಡು ತಿರುಗುತ್ತಾ ಅಲ್ಲಿ? ಆ ದೊಡ್ಡ ಮನುಷ್ಯ ನಿನ್ನ ನೋಡೋಕ್ ಬರ್ತಿರೋದು, ನಿಮ್ಮ ತಾತನ ಕಂಬ ನೋಡೋಕಲ್ಲ. ಹೋಗಿ ನಿಜ ಹೇಳು, ಇದು ಆಟಕ್ಕೆ ಮಾಡಿದ್ದು ಅಂತ."

"ಅದೊಂದ್ ಮಾತ್ರ ಹೇಳಲ್ಲ."

ಇಲ್ಲಿಯವರೆಗೆ ನನ್ನ ನೆನಪು ಒಂದೇ ದಾರಿಯಲ್ಲಿ ಬರುತ್ತದೆ. ಇಲ್ಲಿಂದ ಮುಂದೆ ಎರಡಾಗುತ್ತದೆ. ಗೆಳೆಯನ ಮಾತು ನಡೆಯಿತೋ, ಕ್ಯಾಪ್ಟನ್ನನ ಭುಜ ನಡೆಯಿತೋ? ಕಾಲುದಾರಿ ಮೇಟಿಯ ಪಕ್ಕದಲ್ಲೇ ಕಣದ ಅಂಚನ್ನು ತಾಗಿ ಹೋಗುತ್ತಿತ್ತು. ಹಾಗಾಗಿ ಎರಡರಲ್ಲಿ ಯಾವುದೇ ಆಗಿದ್ದರೂ ಮ್ಯಾಟು ಕಣಕ್ಕೆ ತಾಗಿಯೇ ಇರುತ್ತಿತ್ತು. ಮುಂದೆ ನಡೆದದ್ದು ಎರಡಕ್ಕೂ ಹೊಂದುತ್ತದೆ.

ನಡೆದದ್ದು ಚಪ್ಪಲಿಯ ಜಗಳ. ಕಂಟೋನ್ಮೆಂಟಿನವರು ಬಿಳಿ ಬೂಟು ಹಾಕಿಕೊಂಡು ಬಂದರು. ತಾತ ಕೋಲು ಅಡ್ಡ ಹಿಡಿದರು.

"ಮೆಟ್ ಬುಟ್ಟು ಬರ್ರಪ್ಪಾ. ಆಡ್ಕಳಿ, ಕುಣ್ಕಳಿ, ನಂದೇನಿಲ್ಲ. ಅನ್ನ ಬೀಳೋ ಜಾಗದ ಮ್ಯಾಲೆ ಮೆಟ್ ಆಕ್ಕಂಡು ಓಡಾಡಂಗಿಲ್ಲ."

ಅವರ ಓಪನಿಂಗ್ ಬ್ಯಾಟ್ಸ್‌ಮನ್ ಅಂಪೈರಿನತ್ತ ತಿರುಗಿ, "ಬೇರ್ ಫುಟ್ಟಾ? ಏನ್ ಸಾರ್ ಇದು, ದೇವಸ್ಥಾನಾನಾ?" ಎಂದ. ಆಗ ಬೇವಿನ ಮರದ ಕೆಳಗೆ ಕುರ್ಚಿಯಲ್ಲಿ ಕೂತಿದ್ದ ಆ ಹಿರಿಯರು, ಯಾರೂ ಕೇಳದಿದ್ದರೂ, ಬಗ್ಗಿ ತಮ್ಮ ಶೂ ಬಿಚ್ಚಿದರು. ಒಂದು ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಬಂದಿತ್ತು. ಅದನ್ನು ನೋಡಿದ ಮೇಲೆ ಉಳಿದವರೂ ಬಿಚ್ಚಿದರು.

ನನ್ನ ಗ್ಲೌಸು ತಾತನ ಕಣ್ಣಿಗೆ ಬಿತ್ತು. "ಇವ್ನು ಕೈಗೂ ಮೆಟ್ ಆಕವ್ನಲ್ಲಾ!" ಎಂದರು. ಎಲ್ಲರೂ ನಕ್ಕರು. ನಾನು ಸ್ಟಂಪಿನಿಂದ ಹಿಂದಕ್ಕೆ, ಕಣದ ಆಚೆಗೇ ನಿಲ್ಲುತ್ತೇನೆಂದು ಒಪ್ಪಿಸಿದೆ. ತಾತ ಚೆಂಡನ್ನು ಕೈಗೆ ತೆಗೆದುಕೊಂಡು ತಿರುಗಿಸಿದರು.

"ಇದು ಯಾತುರ್ದ್ಲಾ?"

"ಒಳಗೆ ಬೆಂಡು, ತಾತ."

"ಮ್ಯಾಲೆ?"

"ಮೇಲೆ ಕೆಂಪು."

ತಾತ ಮೊಮ್ಮಗನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಚೆಂಡು ಹಿಂದಕ್ಕೆ ಕೊಟ್ಟರು. ಮೇಲಿನದು ಚರ್ಮವೆಂದು ಅವರಿಗೆ ಗೊತ್ತಾಗಲಿಲ್ಲ ಎಂದು ನಾವೆಲ್ಲ ನಂಬಿದೆವು. ಎತ್ತಿನ ಕೊರಳ ಪಟ್ಟಿ, ಬಾರುಕೋಲು ಎಂದು ಜೀವನವಿಡೀ ಚರ್ಮ ಮುಟ್ಟಿದ ಮನುಷ್ಯನಿಗೆ ಗೊತ್ತಾಗದೆ ಇರುತ್ತದೆಯೇ ಎಂದು ಈಗ ಅನ್ನಿಸುತ್ತದೆ.

ಪಂದ್ಯ ಪೂರ್ತಿ ನೆನಪಿಲ್ಲ. ಯಾರು ಗೆದ್ದರು ಎಂಬುದೂ ಇಲ್ಲ, ನಾವು ಗೆದ್ದಿರಲಾರೆವು. ಗೆಳೆಯ ಚೆನ್ನಾಗಿ ಎಸೆದ. ಮೊದಲು ಕೆಲವು ಓವರು ಅವನ ಚೆಂಡು ಯಾವತ್ತಿನಂತೆ ತಿರುಗಲಿಲ್ಲ, ಅವನು ಅಂಗೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದ. ಆಮೇಲೆ ಆ ಒಂದು ಚೆಂಡು ಬಂತು. ದೇವಸ್ಥಾನಾನಾ ಎಂದು ಕೇಳಿದ್ದ ಆ ಓಪನರ್ ಮುಂದಕ್ಕೆ ಬಾಗಿ ಬ್ಯಾಟು ಇಟ್ಟ. ಚೆಂಡು ಬ್ಯಾಟಿನ ಕೆಳಗೆ ಇಲಿಯ ಹಾಗೆ ನುಸುಳಿ ನಡುವಿನ ಸ್ಟಂಪಿನ ಬುಡಕ್ಕೆ ಬಡಿಯಿತು.

ಅವನು ಹೊರಡಲಿಲ್ಲ. ಬ್ಯಾಟಿನ ಹಿಡಿಯಿಂದ ಮ್ಯಾಟನ್ನು ಅಲ್ಲಲ್ಲಿ ಕುಟ್ಟಿದ. ಬೇವಿನ ಮರದವರೆಗೂ ಕೇಳುವ ಹಾಗೆ ಹೇಳಿದ: "ಇದರ ಕೆಳಗೆ ಗುಂಡಿ ಇದೆ ಸಾರ್. ಇದು ರಾಗಿ ಕಣ. ವರ್ಷಾ ವರ್ಷಾ ಕಂಬ ನೆಟ್ಟು ಕೀಳ್ತಾರೆ. ಇವನ ಮನೇದೇ ಕಣ ಅಂತೆ. ಗುಂಡಿ ಎಲ್ಲಿದೆ ಅಂತ ಇವನಿಗೆ ಗೊತ್ತಿರಲ್ವಾ?"

ಭೌತಶಾಸ್ತ್ರದ ಪ್ರಕಾರ ಅವನ ತರ್ಕ ಕೆಟ್ಟದ್ದಲ್ಲ. ಮ್ಯಾಟಿನ ಕೆಳಗೆ ತುಂಬಿದ ಮಣ್ಣು ಮೆತ್ತಗಿದ್ದರೆ ಅಲ್ಲಿ ಬಿದ್ದ ಚೆಂಡು ಏಳುವುದಿಲ್ಲ. ಅದು ನನಗೂ ತಕ್ಷಣ ಹೊಳೆಯಿತು. ಮ್ಯಾಟು ಎತ್ತಿ ನೋಡಬಹುದಿತ್ತು. ಅದಕ್ಕೆ ಮ್ಯಾಟನ್ನು ನೆಲಕ್ಕೆ ಬಿಗಿದ ಕಬ್ಬಿಣದ ಗೂಟಗಳನ್ನೆಲ್ಲ ಕೀಳಬೇಕು, ಆಟ ನಿಲ್ಲಬೇಕು. ಅಂಪೈರು ಬೇಡವೆಂದರು.

ಟೀ ಹೊತ್ತಿಗೆ ತಾತ ಮಜ್ಜಿಗೆ ತರಿಸಿ, ತಾವೇ ನಿಂತು ಎಲ್ಲರಿಗೂ ಕೊಡಿಸುತ್ತಿದ್ದರು. ಆ ಹಿರಿಯರು ಲೋಟ ಹಿಡಿದುಕೊಂಡೇ ಗೆಳೆಯನನ್ನು ಕರೆದರು. "ಏನಪ್ಪಾ, ಗುಂಡಿ ಇದೆಯಾ?"

"ಇಲ್ಲ ಸಾರ್."

"ಕಣ ಅಂತಾರಲ್ಲ?"

ತಾತ ಎರಡು ಹೆಜ್ಜೆ ದೂರದಲ್ಲಿದ್ದರು. ಗೆಳೆಯ ಒಮ್ಮೆ ಆ ಕಡೆ ನೋಡಿದ. ಪಿಚ್ಚು ಮಾಡಿದ್ದು ಬೇರೆ ಕಡೆ, ತಾತ ಅದನ್ನು ತಮಗಾಗಿ ಮಾಡಿದ ಕಣವೆಂದುಕೊಂಡರು, ಅದಕ್ಕೇ ಹೀಗಾಯಿತು ಎಂದು ವಿವರಿಸಿದ್ದರೆ ಆ ಹಿರಿಯರು ನಂಬುತ್ತಿದ್ದರೋ ಏನೋ. ಅವನು ಮತ್ತೆ, "ಗುಂಡಿ ಇಲ್ಲ ಸಾರ್," ಎಂದಷ್ಟೇ ಹೇಳಿದ.

"ಹೂಂ," ಎಂದು ಅವರು ಲೋಟ ಕೆಳಗಿಟ್ಟರು. ಪಂದ್ಯ ಮುಗಿಯುವ ಮೊದಲೇ ಶೂ ಹಾಕಿಕೊಂಡು ಹೋದರು. ಅವನಿಗೆ ಕರೆ ಬರಲಿಲ್ಲ.

ಮಾರನೆಯ ದಿನ ಮ್ಯಾಟು ಹಿಂದಿರುಗಿಸಲು ಹೋದದ್ದು ನನಗೆ ಚೆನ್ನಾಗಿ ನೆನಪಿದೆ. ಎರಡು ಗೂಟ ಕಡಿಮೆ ಬಂದವೆಂದು ಕ್ಲಬ್ಬಿನ ಮಾಲಿ ನಮ್ಮನ್ನು ತಮಿಳಿನಲ್ಲೂ ಕನ್ನಡದಲ್ಲೂ ಬೈದ. ಆಗ ಅದರ ಬಗ್ಗೆ ನಾನು ಯೋಚಿಸಲಿಲ್ಲ.

ಆ ವರ್ಷ ಒಕ್ಕಣೆ ತಡವಾಗಿ ಮುಗಿಯಿತು. ಮೇಟಿ ಕೀಳುವುದು ಇವತ್ತು ನಾಳೆ ಎಂದು ಉಳಿದು, ಬೇಸಿಗೆ ಮಳೆ ಎರಡು ಸಲ ಬಿದ್ದ ಮೇಲೆ ನೋಡಿದರೆ ತುದಿಯಲ್ಲಿ ಕೆಂಪು ಚಿಗುರು. ಬಸರಿ ಹಾಗೆ, ಕೊಂಬೆ ಕಡಿದು ನೆಟ್ಟರೂ ಬೇರು ಬಿಡುತ್ತದೆ. ತಾತ ಊರಿಗೆಲ್ಲ ತೋರಿಸಿದರು. "ಚಿಗುರಿದ ಮೇಟಿ ಕೀಳಾದು ಅಂದ್ರೆ ಮನೇಗ್ ಬಂದ ಲಕ್ಸ್ಮೀನ ಒದ್ದಂಗೆ," ಎಂದರು. ಅದು ಮೊಮ್ಮಗ ಮಾಡಿದ ಕಣದ ಪುಣ್ಯ ಎಂದೂ ಹೇಳಿಕೊಂಡು ತಿರುಗಿದರು. ನಾವು ಪಿಚ್ಚನ್ನು ಮೂಡಲಿಗೆ ದೂರ ಸರಿಸಿದೆವು. ಮುಂದೆ ಸ್ಟೇಡಿಯಂ ಕಟ್ಟುವಾಗಲೂ ಪಿಚ್ಚು ಅಲ್ಲೇ ಉಳಿಯಿತು, ಮರ ಗ್ಯಾಲರಿಯ ಎದುರಿಗೆ ಉಳಿಯಿತು, ಕಾಲುದಾರಿಗೆ ಕಾಂಪೌಂಡು ಅಡ್ಡ ಬಂತು. ತಾತ ಅಷ್ಟರಲ್ಲಿ ತೀರಿಕೊಂಡಿದ್ದರು.

ಗೆಳೆಯ ಫ್ಯಾಕ್ಟರಿ ಸೇರಿದ, ಅವರ ತಂಡಕ್ಕೆ ಆಡಿದ. ಎಲ್ಲಿ ಆಡಿದರೂ ಆ ಮಾತು ಅವನಿಗಿಂತ ಮುಂಚೆ ಹೋಗುತ್ತಿತ್ತು. ಆ ಚೆಂಡು ಬಿದ್ದಾಗಲೆಲ್ಲ ಯಾರಾದರೂ, "ಗುಂಡಿ ಜೊತೇಲೇ ತಂದಿದೀಯಾ ಮಗಾ?" ಅನ್ನುವರು. ಅವನು ನಗುವನು. ಬರಬರುತ್ತಾ ಆ ಚೆಂಡು ಎಸೆಯುವುದನ್ನೇ ಕಡಿಮೆ ಮಾಡಿದ.

ಕಥೆ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಹಳೆಯ ಗುಂಡಿ ಎಂದಿದ್ದದ್ದು, ಅದೇ ಬೆಳಿಗ್ಗೆ ಮೇಟಿ ಕಿತ್ತು ಮಾಡಿದ ಗುಂಡಿ ಎಂದಾಯಿತು. ನಮ್ಮ ಕ್ಯಾಪ್ಟನ್ ಹೆಬ್ಬಾಳದ ಕಡೆ ಹೋಗುವ ಬಸ್ಸಿಗೆ ಕಾಯುತ್ತಾ ನನಗೇ ಹೇಳಿದ: "ನಾನೇ ಕಿತ್ತೆ ಕಣೋ, ಈ ಎರಡು ಕೈಯಲ್ಲಿ. ನೀನು ಮಣ್ಣು ತುಂಬ್ದೆ. ಸಂಜೆ ವಾಪಸ್ ನೆಟ್ವಿ. ಮರೆತುಬಿಟ್ಯಾ?" ಅವನು ಹೇಳಿದ್ದು ಕೇಳಿ ನನ್ನ ಎರಡನೆಯ ಚಿತ್ರ ಹುಟ್ಟಿತೋ, ಅಥವಾ ಅದು ಮೊದಲೇ ಇದ್ದು ಅವನ ಮಾತು ಅದಕ್ಕೆ ಬಣ್ಣ ಕೊಟ್ಟಿತೋ? ಹಿಮ್ಮಡಿಯಲ್ಲಿ ತುಳಿದ ಮಣ್ಣಿನ ತಂಪು ಕೂಡ ನೆನಪಿದೆ. ಆದರೆ ನಾನು ಎಷ್ಟೋ ಸಲ ಟೆಂಟಿನ ಗೂಟದ ತೂತು ಮುಚ್ಚಿದವನು. ಆ ತಂಪು ಯಾವ ದಿನದ್ದು?

ಒಮ್ಮೆ ಗೆಳೆಯನನ್ನೇ ಕೇಳಿದೆ. ಅವನು ಬೀಡಿ ಹಚ್ಚುತ್ತಿದ್ದವನು ಕಡ್ಡಿ ಆರಿಸಿ, "ನೀನು ಕೀಪರ್ ಅಲ್ವಾ? ನೀನೇ ಹೇಳು," ಎಂದ.



ಅರವತ್ತರ ದಶಕದ ಕೊನೆಗೆ, ನಾನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ, ಗ್ಯಾಲರಿಯ ಮುಂದೆ ಮಳೆ ನೀರು ನಿಲ್ಲುತ್ತದೆಂದು ಮೋರಿ ತೋಡಿದರು. ಅಗೆತ ಬಸರಿ ಮರದ ಬುಡದ ಹತ್ತಿರ ಬಂದಿದೆ ಎಂದು ಕೇಳಿ ಹೋದೆ. ಹಳೆಯ ಪಿಚ್ಚು ಎಲ್ಲಿತ್ತೆಂದು ತೋರಿಸಲು ಉಳಿದಿದ್ದದ್ದು ಆ ಮರ ಒಂದೇ. ಮೇಟಿ ನೆಟ್ಟದ್ದು ಅದರ ನಡುವೆಯೇ. ಅಗೆಯುತ್ತಿದ್ದವರು ಎಸೆದ ಮಣ್ಣಿನ ಗುಡ್ಡೆಯ ಪಕ್ಕ ತುಕ್ಕು ಹಿಡಿದ ಒಂದು ಕಬ್ಬಿಣದ ಗೂಟ ಬಿದ್ದಿತ್ತು. ತಲೆಯನ್ನು ಬಡಿದು ಬಳೆ ಮಾಡಿದ್ದ, ಬಾಗಿ ಕೊಕ್ಕೆಯಾಗಿದ್ದ ಗೂಟ. ಎಲ್ಲಿ ಸಿಕ್ಕಿತು ಎಂದು ಕೇಳಿದೆ. ಮೋರಿಯ ಗೋಡೆಯಲ್ಲಿ ಅದು ಇದ್ದ ಕುಳಿ ತೋರಿಸಿದರು. ಅದೇ ಸಾಲಿನಲ್ಲಿ, ಸ್ವಲ್ಪ ಮುಂದೆ, ಇನ್ನೊಂದು ಇನ್ನೂ ಮಣ್ಣಿನಲ್ಲೇ ಕಚ್ಚಿಕೊಂಡಿತ್ತು. ಅದನ್ನು ಕಿತ್ತು ತೆಗೆಯಲು ಅವರಿಗೂ ಆಗಲಿಲ್ಲ, ಸುತ್ತ ಕೆರೆದು ತೆಗೆದರು. ಅಲ್ಲಿಯ ನೆಲ ಅಷ್ಟು ಗಟ್ಟಿ, ತಲೆಮಾರುಗಳ ಕಾಲು ತುಳಿದ ನೆಲ.

ಗೂಟಗಳನ್ನು ಫ್ಯಾಕ್ಟರಿಯ ಗೇಟಿನ ಹತ್ತಿರ ಗೆಳೆಯನಿಗೆ ತೋರಿಸಿದೆ. ಒಂದನ್ನು ಕೈಯಲ್ಲಿ ತೂಗಿ ನೋಡಿ, "ಅವತ್ತು ಬೈಸ್ಕೊಂಡಿದ್ದು ಇವಕ್ಕೇ ಅಲ್ವಾ?" ಎಂದು ನಕ್ಕ. ಆಮೇಲೆ ಚೆಂಡಿನ ಹೊಲಿಗೆಯ ಮೇಲೆ ಬೆರಳಿಡುವ ಹಾಗೆ ಅದನ್ನು ಹಿಡಿದುಕೊಂಡ. ಆ ಚೆಂಡು ಯಾಕೆ ಏಳುತ್ತಿರಲಿಲ್ಲ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಅವನಿಗೂ ಗೊತ್ತಿರಲಿಕ್ಕಿಲ್ಲ.

ಅವತ್ತೇ ಸಂಜೆ ಮತ್ತೆ ಹೋಗಿ, ಎರಡು ಕುಳಿಗಳ ನಡುವೆ ದಾರ ಕಟ್ಟಿ, ಮರದ ಬುಡದಿಂದ ಕೈಚಾಚಿ ಅಳೆದೆ. ಗೂಟಗಳ ಸಾಲು ಮೇಟಿಯಿಂದ ಪೂರಾ ಎರಡು ಮಾರು ಆಚೆ, ಕಾಲುದಾರಿ ಹಾದಿದ್ದ ಕಡೆಯಲ್ಲೇ ಇತ್ತು. ಮ್ಯಾಟಿನ ಅಗಲ ಅಷ್ಟಿರಲಿಲ್ಲ. ಅಲ್ಲಿ ಆ ಭಾನುವಾರಕ್ಕೆ ಮೊದಲು ಯಾರೂ ಮ್ಯಾಟು ಹಾಸಿರಲಿಲ್ಲ, ಆಮೇಲೂ ಹಾಸಲಿಲ್ಲ. ಜನ ದಿನವೂ ನಡೆಯುವ ದಾರಿಯಲ್ಲಿ ಯಾರೂ ಮೇಟಿ ನೆಟ್ಟಿರಲೂ ಇಲ್ಲ. ಮ್ಯಾಟಿನ ಕೆಳಗೆ ಗುಂಡಿ ಇರಲಿಲ್ಲ.